ಯಾರು ಕಳಿಸಿದ್ದು?

2020ರ ಫೆಬ್ರುವರಿ 28ರಂದು ಹೈದರಾಬಾದಿನ ಟ್ಯಾಂಕ್‌ಬಂಡ್ ಹತ್ತಿರ ನಡೆದ ಸಮಾರಂಭವೊಂದರಲ್ಲಿ ತೆಲಂಗಾಣದ ಸಚಿವರು ವೇದಿಕೆಯ ಮೇಲೆ ನಿಂತು, ಕ್ಯಾಮೆರಾಗಳ ಎದುರಿಗೆ ಕೋಳಿಕಾಲು ಕಡಿದು ತಿಂದರು. ಕೋಳಿಮಾಂಸ ತಿಂದರೆ ಕೊರೊನಾ ಅಂಟುತ್ತದೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಆಗ ಮನೆಮನೆ ತಲುಪಿ, ಕುಕ್ಕುಟೋದ್ಯಮ ನೆಲ ಕಚ್ಚಿತ್ತು. ಆ ರಾಜ್ಯದಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾದದ್ದು ಮಾರ್ಚ್ 2ಕ್ಕೆ. ಅಂದರೆ ವೈರಸ್ಸಿಗಿಂತ ಮೊದಲೇ ವದಂತಿ ಊರು ಸೇರಿತ್ತು. ಸಚಿವರು ತಿಂದದ್ದರಿಂದ ವದಂತಿಯೇನೂ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ನಮ್ಮ ಗೋಕಾಕದ ಬಳಿ ಕೋಳಿ ಸಾಕಣೆದಾರರೊಬ್ಬರು ಕೊಳ್ಳುವವರಿಲ್ಲದೆ ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿಸಿದರು. ಆ ವಿಡಿಯೊ ಕೂಡ ವಾಟ್ಸ್‌ಆ್ಯಪ್‌ನಲ್ಲೇ ಓಡಾಡಿತು. ಸಚಿವರ ಕೋಳಿಕಾಲು ನೋಡಿ ನಗುವುದು ಸುಲಭ. ಆದರೆ ಅವರಿಗೆ ಒಂದು ವಿಷಯ ಅರ್ಥವಾಗಿತ್ತು: ಸುತ್ತೋಲೆಯಿಂದ ವದಂತಿ ಸಾಯುವುದಿಲ್ಲ, ಅದಕ್ಕೆ ಒಂದು ಮುಖ ಬೇಕು. ಅರ್ಥವಾಗದೆ ಉಳಿದದ್ದು, ಯಾರ ಮುಖ ಎಂಬುದು. ಪಕ್ಷ, ಚುನಾವಣೆ, ಉದ್ಯಮದ ನಂಟು ಎಲ್ಲವನ್ನೂ ಬೆನ್ನಿಗಂಟಿಸಿಕೊಂಡ ಮುಖವನ್ನು ಜನ ಟಿವಿಯಲ್ಲಿ ನೋಡುತ್ತಾರೆ, ನೋಡಿ ಚಾನೆಲ್ ಬದಲಿಸುತ್ತಾರೆ. ಮಗಳಿಗೆ ಜ್ವರ ಬಂದಾಗ ಯಾರನ್ನು ಕೇಳುತ್ತಾರೋ ಆ ಮುಖವೇ ಬೇರೆ.

ಜಾಲತಾಣಗಳ ಮೂಲಕ ಜನಾರೋಗ್ಯ ಎಂಬ ಮಾತು ಈಗ ಎಲ್ಲ ಯೋಜನಾ ವರದಿಗಳಲ್ಲೂ ಇದೆ. ಅದರ ಬೆನ್ನಿಗೇ ಡಿಜಿಟಲ್ ಸಾಕ್ಷರತೆ ಎಂಬ ಮಾತೂ ಬರುತ್ತದೆ. ಸಾಕ್ಷರತೆಯನ್ನು ನಾವು ಅಳೆಯುವ ಬಗೆ ಹೀಗಿದೆ: 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಮನೆಗೊಬ್ಬರಂತೆ 6 ಕೋಟಿ ಗ್ರಾಮೀಣರಿಗೆ ತರಬೇತಿ ಕೊಡಲು ಹೊರಟಿತು, 2024ರ ಮಾರ್ಚ್‌ನಲ್ಲಿ ಮುಗಿಯುವ ಹೊತ್ತಿಗೆ ಸುಮಾರು 6.39 ಕೋಟಿ ಜನ ತರಬೇತಿ ಪಡೆದಿದ್ದರು. ಇಪ್ಪತ್ತು ಗಂಟೆಗಳ ಪಾಠ. ಮೊಬೈಲು, ಟ್ಯಾಬ್ಲೆಟ್ಟು ಚಾಲೂ ಮಾಡುವುದು, ಇಮೇಲ್ ಕಳಿಸುವುದು, ಸರ್ಕಾರಿ ಸೇವೆ ಹುಡುಕುವುದು, ಹಣ ಪಾವತಿಸುವುದು. ಇದು ಸಣ್ಣ ಕೆಲಸವಲ್ಲ, ಬೇಡದ ಕೆಲಸವೂ ಅಲ್ಲ. ಆದರೆ ಆರೋಗ್ಯದ ಮಟ್ಟಿಗೆ ಇದು ಅರ್ಧ ದಾರಿಗೂ ಒಯ್ಯುವುದಿಲ್ಲ. ಏಕೆಂದರೆ ಕೋಳಿಯ ಸುದ್ದಿಯನ್ನು ಹತ್ತು ಗ್ರೂಪುಗಳಿಗೆ ದಾಟಿಸಿದವರು ಮೊಬೈಲ್ ಬಾರದವರಲ್ಲ, ಚೆನ್ನಾಗಿ ಬರುವವರು. 2021ರ ಎರಡನೇ ಅಲೆಯಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂಬ ವಿಡಿಯೊ ಕರ್ನಾಟಕದಲ್ಲಿ ಹಬ್ಬಿದಾಗ ಅದನ್ನು ಹಬ್ಬಿಸಿದವರಲ್ಲಿ ಪದವೀಧರರಿಗೇನೂ ಬರವಿರಲಿಲ್ಲ. ಫೋನನ್ನು ಬಳಸಲು ಬಂದವರಿಗೆ ಮೆಸೇಜನ್ನು ತೂಗಲೂ ಬರುತ್ತದೆ ಎಂದು ನಾವು ಸುಮ್ಮನೆ ಭಾವಿಸಿಕೊಂಡಿದ್ದೇವೆ. ಈ ಲೇಖನದ ವಾದವಿಷ್ಟು: ಆರೋಗ್ಯದ ಸಂದೇಶ ಜಾಲತಾಣದಲ್ಲಿ ಕೆಲಸ ಮಾಡಬೇಕಾದರೆ ಅದರ ಹಿಂದೆ ತಿರುಗಿ ಪ್ರಶ್ನೆ ಕೇಳಬಹುದಾದ, ಪರಿಚಯದ ಒಬ್ಬ ಮನುಷ್ಯ ಇರಲೇಬೇಕು, ಹಾಗಾಗಿ ಹಣ, ಸಮಯ, ತರಬೇತಿ ಹೋಗಬೇಕಾದದ್ದು ಆ ಮನುಷ್ಯನ ಕಡೆಗೆ, ಇನ್ನೊಂದು ಆ್ಯಪಿನ ಕಡೆಗಲ್ಲ.

ಇದು ಬರೀ ಅನಿಸಿಕೆಯಲ್ಲ, ಅಳೆದು ನೋಡಿದವರಿದ್ದಾರೆ. ಸುಳ್ಳು ಸುದ್ದಿ ಗುರುತಿಸುವುದು ಹೇಗೆ ಎಂದು ಫೇಸ್‌ಬುಕ್ ಹಂಚಿದ ಕಿವಿಮಾತುಗಳ ಪರಿಣಾಮವನ್ನು ಸಂಶೋಧಕರು ಅಮೆರಿಕದಲ್ಲೂ ಭಾರತದಲ್ಲೂ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಓದಿದ, ಆನ್‌ಲೈನ್‌ನಲ್ಲೇ ಇರುವ ಭಾರತೀಯರಲ್ಲಿ ಅವು ಕೆಲಸ ಮಾಡಿದವು. ಉತ್ತರ ಭಾರತದ ಹಳ್ಳಿಗರಲ್ಲಿ ಏನೂ ಮಾಡಲಿಲ್ಲ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸಂಶೋಧಕಿ ಸುಮಿತ್ರಾ ಬದರೀನಾಥನ್ ಬಿಹಾರದಲ್ಲಿ ಸುಮಾರು 1,200 ಜನರೊಂದಿಗೆ ಪ್ರಯೋಗ ನಡೆಸಿದರು. ಮನೆಗೇ ಹೋಗಿ, ಎದುರು ಕುಳಿತು, ಒಂದು ಗಂಟೆ ಕಾಲ ಸುಳ್ಳು ಸುದ್ದಿಯನ್ನು ಪರಿಶೀಲಿಸುವ ವಿಧಾನ ಹೇಳಿಕೊಟ್ಟದ್ದಾಯಿತು. ಒಟ್ಟಾರೆ ಫಲ ಸೊನ್ನೆ. ಇಲ್ಲಿಗೇ ಕೈಚೆಲ್ಲಿ, ಜನರನ್ನು ತಿದ್ದಲಾಗದು ಎಂದು ಷರಾ ಬರೆದುಬಿಡಬಹುದಿತ್ತು. ಅದೇ ಬದರೀನಾಥನ್ ಇತರರೊಂದಿಗೆ ಸೇರಿ ಅದೇ ಬಿಹಾರದಲ್ಲಿ ಮುಂದೆ ಇನ್ನೊಂದು ಪ್ರಯೋಗ ಮಾಡಿದರು. 583 ಹಳ್ಳಿಗಳ ಸುಮಾರು 13,500 ಹದಿಹರೆಯದ ಮಕ್ಕಳನ್ನು ಗ್ರಂಥಾಲಯಗಳಲ್ಲಿ ಸೇರಿಸಿ, ಹದಿನಾಲ್ಕು ವಾರಗಳ ಅವಧಿಯಲ್ಲಿ ಮತ್ತೆ ಮತ್ತೆ ಕೂರಿಸಿ ಪಾಠ ಹೇಳಿದರು. ವಿಷಯವೂ ಹೆಚ್ಚಾಗಿ ಆರೋಗ್ಯದ್ದೇ: ಲಸಿಕೆ, ಮನೆಮದ್ದು, ಪವಾಡ ಚಿಕಿತ್ಸೆ. ಈ ಸಲ ಪರಿಣಾಮ ದೊಡ್ಡದಾಗಿತ್ತು. ತಿಂಗಳುಗಳ ನಂತರವೂ ಉಳಿದಿತ್ತು, ಮಕ್ಕಳಿಂದ ತಂದೆತಾಯಿಗಳಿಗೂ ದಾಟಿತ್ತು. ಎರಡೂ ಪ್ರಯೋಗಗಳಲ್ಲಿ ಹೇಳಿಕೊಟ್ಟ ಮಾತುಗಳ ನಡುವೆ ಆಕಾಶ ಭೂಮಿಯ ಅಂತರವೇನಿರಲಿಲ್ಲ. ಒಂದರಲ್ಲಿ ಅಪರಿಚಿತರೊಬ್ಬರು ಬಂದು ಹೇಳಿ ಹೋದರು. ಇನ್ನೊಂದರಲ್ಲಿ ಕಲಿಸುವವರು ಪರಿಚಯವಾಗುವಷ್ಟು ಕಾಲ ಉಳಿದರು, ಊರಿನ ಹತ್ತು ಮಕ್ಕಳು ಒಟ್ಟಿಗೆ ಕಲಿತರು, ಮನೆಯಲ್ಲಿ ಆ ಮಾತು ಆಡಲು ಎಡೆಯಾಯಿತು.

ನಂಬಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಲು ಹೈದರಾಬಾದಿನಲ್ಲಿ ಇನ್ನೂ ಹಳೆಯ ಉದಾಹರಣೆಯೊಂದಿದೆ. ಇಂಟರ್‌ನೆಟ್ಟಿಗಿಂತ ಒಂದೂವರೆ ಶತಮಾನ ಹಳೆಯದು. ಪ್ರತಿವರ್ಷ ಮೃಗಶಿರಾ ಮಳೆ ಹುಟ್ಟುವ ದಿನ, ಜೂನ್ ಮೊದಲ ಭಾಗದಲ್ಲಿ, ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಕುಟುಂಬದವರು ಉಬ್ಬಸಕ್ಕೆ ಕೊಡುವ ಮೀನಿನ ಮದ್ದು. ಪುಟ್ಟ ಜೀವಂತ ಮೀನಿನ ಬಾಯಿಗೆ ಗಿಡಮೂಲಿಕೆಯ ಉಂಡೆ ಇಟ್ಟು ರೋಗಿಗೆ ನುಂಗಿಸುತ್ತಾರೆ; ಮೀನು ತಿನ್ನದವರಿಗೆ ಬೆಲ್ಲದಲ್ಲಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಜನವಿಜ್ಞಾನ ವೇದಿಕೆಯವರು ನ್ಯಾಯಾಲಯದವರೆಗೂ ಹೋದರು. ಈಗ ಮದ್ದು ಎನ್ನದೆ ಪ್ರಸಾದ ಎನ್ನುತ್ತಾರೆ. ಹೆಸರು ಬದಲಾದರೂ ಸಾಲು ಕರಗಲಿಲ್ಲ. ಬೀದರ್, ಕಲಬುರಗಿ, ರಾಯಚೂರುಗಳಿಂದಲೂ ಜನ ಹೋಗುತ್ತಾರೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಅದರ ವ್ಯವಸ್ಥೆಯನ್ನೊಮ್ಮೆ ನೋಡಬೇಕು. ಹಣ ಕೇಳುವುದಿಲ್ಲ. ದಿನ, ಜಾಗ ಎಲ್ಲರಿಗೂ ಗೊತ್ತು. ಕೊಡುವ ಕುಟುಂಬ ತಲೆಮಾರುಗಳಿಂದ ಅದೇ. ಮೂರು ವರ್ಷ ತಪ್ಪದೆ ಬರಬೇಕೆಂಬ ನಿಯಮ, ಜತೆಗೆ ಪಥ್ಯದ ಪಟ್ಟಿ. ಕೈಯಿಂದ ಬಾಯಿಗೆ, ಮುಖ ನೋಡಿ ಕೊಡುವುದು. ಮದ್ದಿನ ಗುಣ ಹೇಗಾದರೂ ಇರಲಿ, ರೋಗಿಯನ್ನು ಮೂರು ವರ್ಷ ಮರಳಿ ಕರೆಸಿಕೊಳ್ಳುವ ಈ ಕಲೆ ನಮ್ಮ ಕ್ಷಯರೋಗ ವಿಭಾಗಕ್ಕಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಸುಳ್ಳಿಗೆ ಮುಖವಿದ್ದು ನಿಜಕ್ಕೆ ಬರೀ ಪೋಸ್ಟರ್ ಇದ್ದರೆ ಜನ ಯಾವುದರ ಹಿಂದೆ ಹೋಗುತ್ತಾರೆ ಎಂಬುದನ್ನು ಊಹಿಸಲು ಸಮೀಕ್ಷೆ ಬೇಕಿಲ್ಲ.

ಹೈದರಾಬಾದ್ ಈ ಚರ್ಚೆಗೆ ಕನ್ನಡಿಗರ ಮಟ್ಟಿಗೆ ಸುಮ್ಮನೆ ಆಯ್ದ ಊರಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ಒಂದು ದೊಡ್ಡ ಪ್ರಯೋಗ ಮಾಡಿತು. ಸೈಟ್ ಎಂಬುದು ಅದರ ಚುಟುಕು ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾರ್ವಜನಿಕ ಟಿವಿ ಇಟ್ಟು, ದಿನಕ್ಕೆ ನಾಲ್ಕು ಗಂಟೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳ ಪಾಠಗಳನ್ನು ಬಿತ್ತರಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಆ ಹಳ್ಳಿಗಳು ನೋಡಿದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಬೆಂಗಳೂರಿನಲ್ಲಲ್ಲ, ಹೈದರಾಬಾದಿನಲ್ಲಿ. ತೆಲುಗಿನ ಜತೆ ಕನ್ನಡಕ್ಕೂ ಅದೇ ನಿರ್ಮಾಣ ಕೇಂದ್ರ. ಕನ್ನಡದ ಹಳ್ಳಿ ಪರದೆಯ ಮೇಲೆ ಆರೋಗ್ಯದ ಮಾತು ಕೇಳಿಸಿಕೊಂಡದ್ದು ಹಾಗೆ. ಇಂದಿನ ರೀಲ್ಸ್‌ಗೆ ಹೋಲಿಸಿದರೆ ಆ ಕಪ್ಪುಬಿಳುಪು ಕಾರ್ಯಕ್ರಮಗಳು ಮಂದಗತಿಯವು ಅನ್ನಿಸಬಹುದು. ಆದರೆ ಅಲ್ಲಿ ಇಂದು ನಾವು ಕಳೆದುಕೊಂಡಿರುವ ಒಂದು ಸಂಗತಿ ಇತ್ತು: ಊರಿಗೆಲ್ಲ ಒಂದೇ ಟಿವಿ. ಜನ ಒಟ್ಟಿಗೆ ಕೂತು ನೋಡುತ್ತಿದ್ದರು. ನೋಡಿದ್ದರ ಬಗ್ಗೆ ಅಲ್ಲೇ ಜಗಳವಾಡಲು, ನಗಲು, ತಿಳಿದವರನ್ನು ಕೇಳಲು ಅವಕಾಶವಿತ್ತು. ಇಂದು ಅದೇ ಊರಿನಲ್ಲಿ ಇನ್ನೂರು ಫೋನುಗಳಿವೆ, ಒಂದೊಂದರಲ್ಲೂ ಒಬ್ಬೊಬ್ಬ ವೈದ್ಯ.

ಸೈಟ್ ಪ್ರಯೋಗದಲ್ಲಿ ದುಡಿದವರಲ್ಲಿ ಮೈಸೂರು ಮೂಲದ ಪಿ.ವಿ. ಸತೀಶ್ ಒಬ್ಬರು. ದೂರದರ್ಶನದ ನಿರ್ಮಾಪಕರಾಗಿದ್ದ ಅವರು ಆಮೇಲೆ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಬೀದರಿನ ಗಡಿಗೆ ಅಂಟಿಕೊಂಡ ಜಹೀರಾಬಾದ್ ಸೀಮೆಯ ದಲಿತ ಹೆಣ್ಣುಮಕ್ಕಳ ಸಂಘಗಳೊಂದಿಗೆ, 2023ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದರು. ಸಿರಿಧಾನ್ಯದ ವಿಷಯದಲ್ಲಿ ಆ ಸಂಸ್ಥೆಯ ಹೆಸರು ಎಲ್ಲರಿಗೂ ಗೊತ್ತು. ಮಾಧ್ಯಮದ ವಿಷಯದಲ್ಲಿ ಅದು ಮಾಡಿದ್ದು ಅಷ್ಟೇ ದೊಡ್ಡದು. ಓದುಬರಹ ಬಾರದ ಕೂಲಿ ಹೆಂಗಸರು ವಿಡಿಯೊ ಕ್ಯಾಮೆರಾ ಹಿಡಿದರು. ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಶುರುವಾಯಿತು. ಗ್ರಾಮೀಣ ದಲಿತ ಮಹಿಳೆಯರೇ ನಡೆಸುವ ದೇಶದ ಮೊದಲ ಸಮುದಾಯ ಬಾನುಲಿ. ಕ್ಯಾಮೆರಾ ಕೋನಗಳಿಗೆ ಆ ಹೆಂಗಸರು ತಮ್ಮದೇ ವಿಂಗಡಣೆ ಮಾಡಿಕೊಂಡಿದ್ದರು. ಮೇಲಿಂದ ಕೆಳಗೆ ನೋಡುವುದು ಪಟೇಲ ಶಾಟ್. ಕೆಳಗಿಂದ ಮೇಲೆ ನೋಡುವುದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ನೋಡುವುದು ಸಂಘದ ಶಾಟ್, ಅವರು ಇಷ್ಟಪಟ್ಟದ್ದು ಅದನ್ನು. ಇದನ್ನು ಮಾಧ್ಯಮ ಪಾಠಶಾಲೆಗಳಲ್ಲಿ ಕಲಿಸುತ್ತಾರೋ ಇಲ್ಲವೋ, ಆರೋಗ್ಯ ಇಲಾಖೆಗಳಲ್ಲಿ ಖಂಡಿತ ಕಲಿಸಬೇಕು. ನಮ್ಮ ಜಾಗೃತಿ ವಿಡಿಯೊಗಳಲ್ಲಿ ಹೆಚ್ಚಿನವು ಪಟೇಲ ಶಾಟುಗಳು. ಬಿಳಿ ಕೋಟಿನವರು ಮೇಜಿನ ಹಿಂದೆ ಕೂತು ಹೀಗೆ ಮಾಡಿ, ಹಾಗೆ ಮಾಡಬೇಡಿ ಎನ್ನುತ್ತಾರೆ. ನೋಡುವವರು ತಿರುಗಿ ಒಂದು ಮಾತು ಕೇಳುವಂತಿಲ್ಲ. ಹತ್ತು ಲಕ್ಷ ಜನ ನೋಡಿದರು ಎಂಬ ಅಂಕಿಯೊಂದಿಗೆ ವರದಿ ಮುಗಿಯುತ್ತದೆ.

ಸಮಕಣ್ಣಿನಿಂದ ನೋಡಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಬೇಸಿಗೆ ಸಾಕ್ಷಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಆಗ ದಕ್ಷಿಣದ ರಾಜ್ಯಗಳನ್ನೆಲ್ಲ ಕಂಗೆಡಿಸಿತ್ತು. ಅದು ಆರೋಗ್ಯದ ಸುದ್ದಿಯಲ್ಲ, ನಿಜ. ಆದರೆ ಹಿಂದಿನ ವರ್ಷವಷ್ಟೇ ದಡಾರ-ರುಬೆಲ್ಲಾ ಲಸಿಕೆ ಅಭಿಯಾನದಲ್ಲಿ ಲಸಿಕೆ ಹಾಕಿಸಿದರೆ ಮಕ್ಕಳಿಗೆ ಅಪಾಯ ಎಂಬ ಭಯ ಕರ್ನಾಟಕ, ತಮಿಳುನಾಡುಗಳಲ್ಲಿ ಹರಿದದ್ದು ಇದೇ ಫೋನುಗಳಲ್ಲಿ, ಇದೇ ತಂದೆತಾಯಿಗಳ ನಡುವೆ. ರಾಯಚೂರಿಗೆ ತಾಗಿದ ಜೋಗುಳಾಂಬಾ ಗದ್ವಾಲ ಜಿಲ್ಲೆಯಲ್ಲಿ ಆಗ ರೆಮಾ ರಾಜೇಶ್ವರಿ ಪೊಲೀಸ್ ವರಿಷ್ಠಾಧಿಕಾರಿ. ಹಳ್ಳಿಗೊಬ್ಬರಂತೆ ಪೊಲೀಸರನ್ನು ಹಂಚಿ, ಆಗಾಗ ಹೋಗಿ ಜನರೊಂದಿಗೆ ಮಾತಾಡಿ ಬರುವ ಪದ್ಧತಿಯನ್ನು ಅವರು ಇಟ್ಟಿದ್ದರು. ಬೇಸಿಗೆಯಲ್ಲೂ ಜನ ಅಂಗಳದಲ್ಲಿ ಮಲಗದೆ ಬಾಗಿಲು ಭದ್ರಪಡಿಸಿಕೊಂಡು ಒಳಗಿರುವುದನ್ನು ಹಾಗೆ ಹೋದ ಪೊಲೀಸರು ಗಮನಿಸಿದರು. ಕೇಳಿದಾಗ ವಿಡಿಯೊಗಳು ಹೊರಬಂದವು. ಪೊಲೀಸರು ಊರಿನ ಗ್ರೂಪುಗಳನ್ನು ಸೇರಿದರು, ಸರಪಂಚರನ್ನು ಜತೆಗೆ ತೆಗೆದುಕೊಂಡರು, ತಮಟೆ ಬಾರಿಸಿ ಡಂಗುರ ಸಾರಿಸಿದರು, ಜನಪದ ಧಾಟಿಯ ಹಾಡು ಕಟ್ಟಿ ಹಾಡಿಸಿದರು. ಅವರ ವ್ಯಾಪ್ತಿಯ ನಾನೂರಷ್ಟು ಹಳ್ಳಿಗಳಲ್ಲಿ ಒಂದು ಜೀವವೂ ಹೋಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ರಾಜ್ಯದ ರಾಜಧಾನಿಯ ಚಂದ್ರಾಯಣಗುಟ್ಟದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರನ್ನು ಇದೇ ವದಂತಿಯ ಮೇಲೆ ಗುಂಪು ಹೊಡೆದು ಕೊಂದಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಒಬ್ಬರನ್ನು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಹತರಾದರು; ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿತ್ತು. ಹೈದರಾಬಾದ್, ಬೆಂಗಳೂರುಗಳಲ್ಲಿ ಇಂಟರ್‌ನೆಟ್ಟಿಗೂ ಓದಿಗೂ ಗದ್ವಾಲದ ಹಳ್ಳಿಗಳಿಗಿಂತ ಕೊರತೆಯಿತ್ತೇ? ಇರಲಿಲ್ಲ. ಕೊರತೆ ಇದ್ದದ್ದು ಬಾಗಿಲಿಗೆ ಬಂದು ಏಕೆ ಹೆದರಿದ್ದೀರಿ ಎಂದು ಕೇಳುವವರದ್ದು.

ಮುರ್ಕಿಯ ಘಟನೆಯ ನಂತರದ ವಾರದಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹೇರುವುದಾಗಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಆ ಮಿತಿ ಒಂದಕ್ಕೆ ಇಳಿಯಿತು; ಅಂಥ ಫಾರ್ವರ್ಡ್‌ಗಳು ಶೇ 70ರಷ್ಟು ಕಡಿಮೆಯಾದವೆಂದು ಕಂಪನಿಯೇ ಹೇಳಿಕೊಂಡಿತು. ಇಂಥ ಬೇಲಿಗಳು ಬೇಕು. ಆದರೆ ಬೇಲಿ ಸುಳ್ಳಿನ ವೇಗ ತಗ್ಗಿಸುತ್ತದೆಯೇ ಹೊರತು ನಿಜಕ್ಕೆ ಕಾಲು ಕೊಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಾತ್ರದ್ದು. ಒಬ್ಬ ಪೊಲೀಸ್ ಅಧಿಕಾರಿ ನಾನೂರು ಹಳ್ಳಿಗಳಲ್ಲಿ ಮಾಡಿದ್ದನ್ನು ಕೋಟಿಗಟ್ಟಲೆ ಜನರಿಗೆ ಮಾಡಲಾದೀತೆ, ಜಾಲತಾಣದ ಹೆಚ್ಚುಗಾರಿಕೆಯೇ ಕ್ಷಣದಲ್ಲಿ ಕೋಟಿ ಜನರನ್ನು ಮುಟ್ಟುವುದಲ್ಲವೆ ಎನ್ನುತ್ತಾರೆ. ಮುಟ್ಟಬಹುದು, ಅಲ್ಲಗಳೆಯುವುದಿಲ್ಲ. 2020ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಸುಮಾರು 2.5 ಕೋಟಿ ಜನರಿಗೆ ಎಸ್‌ಎಂಎಸ್ ಮೂಲಕ ಎರಡೂವರೆ ನಿಮಿಷದ ವಿಡಿಯೊ ಕೊಂಡಿಗಳು ಹೋದವು. ಮಾತಾಡಿದವರು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ, ಬಂಗಾಳಿಯಲ್ಲಿ. ಹೋಲಿಕೆಗಾಗಿ ಕೆಲವು ಕಡೆ ಸರ್ಕಾರದ ಮಾಮೂಲಿ ಮಾಹಿತಿಯ ಕೊಂಡಿಯನ್ನಷ್ಟೇ ಕಳಿಸಿದ್ದರು. ಬ್ಯಾನರ್ಜಿಯವರ ವಿಡಿಯೊ ಹೋದ ಕಡೆ, ರೋಗಲಕ್ಷಣವನ್ನು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿದವರ ಪ್ರಮಾಣ ಇಮ್ಮಡಿಯಾಯಿತು. ಗಾತ್ರದ ಪರವಾಗಿ ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಆದರೆ ಆ ಪುರಾವೆಯ ಒಳಗೆ ಏನಿದೆ ನೋಡಿ. ಒಂದು, ಮಾತಾಡಿದವರು ಬಂಗಾಳಿಗಳು ತಮ್ಮವರೆಂದು ಹೆಮ್ಮೆಪಡುವ ವ್ಯಕ್ತಿ. ಎರಡು, ವಿಡಿಯೊ ಜನರನ್ನು ಕಳಿಸಿದ್ದು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯ ಬಳಿಗೆ. ಆಕೆ ಅಲ್ಲಿ ಇಲ್ಲದೇ ಹೋಗಿದ್ದರೆ ಇಮ್ಮಡಿಯಾಗಲು ಏನೂ ಇರುತ್ತಿರಲಿಲ್ಲ. ಮುಖವಿಲ್ಲದ ದನಿಯ ಮಿತಿಯನ್ನು ಕಾಣಬೇಕಾದರೆ ಕಿಲ್ಕಾರಿಯನ್ನು ನೋಡಬೇಕು. ಗರ್ಭಿಣಿಯರಿಗೆ, ಬಾಣಂತಿಯರಿಗೆ ವಾರಕ್ಕೊಂದರಂತೆ 72 ಧ್ವನಿಕರೆಗಳನ್ನು ಕಳಿಸುವ ಕೇಂದ್ರದ ಯೋಜನೆ ಅದು, 2016ರಲ್ಲಿ ಶುರುವಾಯಿತು. ಮಧ್ಯಪ್ರದೇಶದಲ್ಲಿ ನಡೆದ ಕಟ್ಟುನಿಟ್ಟಿನ ಮೌಲ್ಯಮಾಪನ 2022ರಲ್ಲಿ ಪ್ರಕಟವಾಯಿತು. ಗರ್ಭನಿರೋಧಕಗಳ ಬಳಕೆ ಸ್ವಲ್ಪ ಏರಿತ್ತು. ಹುಟ್ಟಿದ ಕೂಡಲೇ ಎದೆಹಾಲು ಕೊಡಿಸುವ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆರಿಗೆ ಕೋಣೆಯಲ್ಲಿ ಆ ಗಳಿಗೆಯಲ್ಲಿ ಫೋನು ಮಾತಾಡುವುದಿಲ್ಲ, ಅತ್ತೆ ಮಾತಾಡುತ್ತಾಳೆ, ದಾದಿ ಮಾತಾಡುತ್ತಾಳೆ. ಅಗ್ಗದ ಕರೆಯಿಂದ ಸ್ವಲ್ಪ ಲಾಭವಾದರೂ ಲಾಭವೇ, ನಿಲ್ಲಿಸಬೇಕಿಲ್ಲ. ಅದರಿಂದಲೇ ಎಲ್ಲ ಆಗುತ್ತದೆ ಎಂದುಕೊಳ್ಳಬಾರದು ಅಷ್ಟೆ.

ಎರಡನೆಯ ಆಕ್ಷೇಪ ಇನ್ನೂ ಮೂಲಭೂತವಾದದ್ದು. ಆರೋಗ್ಯದ ಮಾತು ಹೆಚ್ಚಾಗಿ ತಲುಪಬೇಕಾದದ್ದು ಹೆಂಗಸರಿಗೆ, ಅವರ ಕೈಯಲ್ಲಿ ಫೋನೇ ಇಲ್ಲದಿದ್ದರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ಶೇ 33.3, ಗಂಡಸರು ಶೇ 57.1. ತೆಲಂಗಾಣದ ಹೆಂಗಸರಲ್ಲಿ ಶೇ 26.5, ಕರ್ನಾಟಕದಲ್ಲಿ ಶೇ 35. ತಾವೇ ಬಳಸುವ ಫೋನು ಇರುವವರು ದೇಶದಲ್ಲಿ ಶೇ 54. ಅವರಲ್ಲೂ ಸಂದೇಶ ಓದಬಲ್ಲವರು ಶೇ 71. ಆಮೇಲಿನ ವರ್ಷಗಳಲ್ಲಿ ಇದು ಏರಿರುವುದು ಖಚಿತ, ಆದರೂ ಅಂತರ ಮುಚ್ಚಿಲ್ಲ. ಹೈಟೆಕ್ ಸಿಟಿ ಇರುವ ರಾಜ್ಯದಲ್ಲೇ ಇಂಟರ್‌ನೆಟ್ ಮುಟ್ಟಿದ ಹೆಂಗಸರು ಕಾಲುಭಾಗದ ಆಸುಪಾಸಿನಲ್ಲಿದ್ದರು ಎಂಬುದನ್ನು ನೆನಪಿಟ್ಟರೆ, ಆ್ಯಪ್ ಬಿಡುಗಡೆ ಸಮಾರಂಭಗಳನ್ನು ನೋಡುವ ಕಣ್ಣು ಬದಲಾಗುತ್ತದೆ. ಈ ಆಕ್ಷೇಪ ನನ್ನ ವಾದವನ್ನು ಸಡಿಲಿಸುವುದಿಲ್ಲ, ಬಿಗಿಗೊಳಿಸುತ್ತದೆ. ಮನೆಯಲ್ಲಿ ಇರುವ ಒಂದು ಫೋನು ಗಂಡನ ಅಥವಾ ಮಗನ ಜೇಬಿನಲ್ಲಿದ್ದರೆ ಮಾಹಿತಿ ಅಡುಗೆಮನೆ ಸೇರಬೇಕಾದದ್ದು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆಯರ ಕಾಲಿನ ಮೇಲೆಯೇ. ಅವರ ಫೋನಿನಲ್ಲಿ ಒಂದು ಒಳ್ಳೆಯ ವಿಡಿಯೊ ಇದ್ದರೆ ಹತ್ತು ಮನೆಗಳಿಗೆ ಸಾಕು. ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಯೋಜನೆ ಕರ್ನಾಟಕದ 16 ಹಳ್ಳಿಗಳಲ್ಲಿ ಇದನ್ನೇ ಕೃಷಿಯಲ್ಲಿ ತೋರಿಸಿಕೊಟ್ಟಿತ್ತು: ಆಯಾ ಸೀಮೆಯ ರೈತರನ್ನೇ ಚಿತ್ರಿಸಿ, ಊರಿನವರೇ ಒಬ್ಬರು ಕೂತು ತೋರಿಸಿ, ನಡುನಡುವೆ ನಿಲ್ಲಿಸಿ ಮಾತಾಡಿಸಿದಾಗ, ಖರ್ಚಿನ ಲೆಕ್ಕದಲ್ಲಿ ಹಳೆಯ ವಿಸ್ತರಣಾ ಪದ್ಧತಿಗಿಂತ ಹತ್ತು ಪಟ್ಟು ಹೆಚ್ಚು ಫಲ ಸಿಕ್ಕಿತೆಂದು 2009ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಮುಂದೆ ಉತ್ತರ ಪ್ರದೇಶದಲ್ಲಿ ತಾಯಿ-ಮಗುವಿನ ಆರೋಗ್ಯಕ್ಕೂ ಇದೇ ವಿಧಾನ ಬಳಕೆಯಾಯಿತು.

ಹಾಗಾದರೆ ಎಲ್ಲ ಹೊರೆಯೂ ಆಶಾ ತಲೆಗೇ ಎಂಬ ಮೂರನೆಯ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಜಾರಿಕೆಯ ಉತ್ತರ ಕೊಡಬಾರದು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲುರಾತ್ರಿ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಅವರ ದೂರುಗಳಲ್ಲಿ ಪೋರ್ಟಲ್‌ಗಳದ್ದೂ ಒಂದು: ಮಾಡಿದ ಕೆಲಸ ಪೋರ್ಟಲ್‌ಗೆ ಏರದಿದ್ದರೆ ಪ್ರೋತ್ಸಾಹಧನ ಸಿಗದು. ಇಲಾಖೆ ಇವರಿಗೆ ಡಿಜಿಟಲ್ ಕೆಲಸವೆಂದು ಕೊಟ್ಟಿರುವುದು ದತ್ತಾಂಶ ತುಂಬುವುದನ್ನು. ಮಾಹಿತಿ ಮೇಲಕ್ಕೆ ಮಾತ್ರ ಹೋಗುತ್ತದೆ, ಕೆಳಕ್ಕೆ ಬರುವುದು ಆದೇಶ. ಗ್ರೂಪಿನಲ್ಲಿ ಬಂದ ಅನುಮಾನಕ್ಕೆ ಉತ್ತರ ಕೇಳಲು ಆಕೆಗೆ ಯಾರೂ ಇಲ್ಲ. ಆದ್ದರಿಂದ ಹೇಳಬೇಕಾದದ್ದು ಇನ್ನೊಂದು ಹೊರೆ ಕೊಡಿ ಎಂದಲ್ಲ, ತುಂಬುವ ಕೆಲಸ ಕಡಿಮೆ ಮಾಡಿ ಮಾತಾಡುವ ಕೆಲಸಕ್ಕೆ ಹಣ ಕೊಡಿ ಎಂದು. ಒಂದು ಅನುಮಾನಕ್ಕೆ ಆ ದಿನವೇ ಧ್ವನಿ ಸಂದೇಶದಲ್ಲಿ ಉತ್ತರ ಕೊಡುವ ವೈದ್ಯರೊಬ್ಬರು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದರೆ, ಆಶಾ ಕೈಯಲ್ಲಿರುವ ಫೋನು ಹಾಜರಿ ಪುಸ್ತಕವಾಗಿ ಉಳಿಯುವುದಿಲ್ಲ.

ಖಾಸಗಿತನದ ಪ್ರಶ್ನೆಯೂ ಇದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ಅದು ಗ್ರೂಪುಗಳಲ್ಲಿ ಹರಿದು, ಅವರನ್ನು ನೆರೆಹೊರೆ ಅಪರಾಧಿಗಳಂತೆ ನೋಡುವಂತಾಯಿತು. ಕ್ಷಯ, ಎಚ್‌ಐವಿ, ಗರ್ಭಪಾತ, ಮನೋರೋಗ ಇವು ಗ್ರೂಪಿನ ವಿಷಯಗಳಲ್ಲ, ಎಂದಿಗೂ ಅಲ್ಲ. ಗ್ರೂಪಿನಲ್ಲಿ ಲಸಿಕೆಯ ದಿನ, ಡೆಂಗಿಯ ಎಚ್ಚರಿಕೆ. ಒಬ್ಬರ ಕಾಯಿಲೆಯ ಮಾತು ಒಬ್ಬರೊಂದಿಗೆ. ಈ ಗೆರೆಯನ್ನು ಕಲಿಸುವುದು ಡಿಜಿಟಲ್ ಸಾಕ್ಷರತೆಯ ಮೊದಲ ಪಾಠವಾಗಬೇಕು, ಅದನ್ನು ಮೊದಲು ಕಲಿಯಬೇಕಾದವರು ಅಧಿಕಾರಿಗಳು.

ಹೈದರಾಬಾದಿಗೆ ಮರಳೋಣ. 2018ರ ಏಪ್ರಿಲ್‌ನಿಂದ ಆ ನಗರದ ಬಡಾವಣೆಗಳಲ್ಲಿ ಬಸ್ತಿ ದವಾಖಾನೆಗಳು ತೆರೆದಿವೆ. ಐದರಿಂದ ಹತ್ತು ಸಾವಿರ ಜನರಿಗೆ ಒಂದು, ಒಬ್ಬ ವೈದ್ಯ, ಒಬ್ಬ ದಾದಿ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಆರಂಭಿಸಿದ ನಮ್ಮ ಕ್ಲಿನಿಕ್‌ಗಳೂ ಇದೇ ಬಗೆಯವು. ಪರಿಚಯದ ಮುಖ ಹುಟ್ಟಲು ಇದು ಸರಿಯಾದ ಅಳತೆ. ಆದರೆ ಹೈದರಾಬಾದಿನಲ್ಲಿ ತೆಲುಗು, ದಖನಿ ಉರ್ದು, ಹಿಂದಿ, ಮರಾಠಿ, ಕನ್ನಡ ಎಲ್ಲವೂ ಒಂದೇ ಗಲ್ಲಿಯಲ್ಲಿ ಕಿವಿಗೆ ಬೀಳುತ್ತವೆ. 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರುಗಳ ರಾಜಧಾನಿಯಾಗಿದ್ದ ಊರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇರುವ ಊರು. ಇಂದಿಗೂ ಆ ಜಿಲ್ಲೆಗಳವರಿಗೆ ದೊಡ್ಡ ಕಾಯಿಲೆ ಎಂದರೆ ಬೆಂಗಳೂರಿಗಿಂತ ಹತ್ತಿರವಾಗುವುದು ಹೈದರಾಬಾದಿನ ಆಸ್ಪತ್ರೆಗಳೇ. ಅಲ್ಲಿಂದ ತೆಲುಗು, ಇಂಗ್ಲಿಷ್‌ನಲ್ಲಿ ಬರೆದ ಚೀಟಿ ಹಿಡಿದು ಊರಿಗೆ ಮರಳುವ ರೋಗಿಗೆ ಮಾತ್ರೆಯ ಬಗ್ಗೆ ಅನುಮಾನ ಬಂದರೆ ಕನ್ನಡದಲ್ಲಿ ಉತ್ತರ ಕೊಡುವುದು ಯೂಟ್ಯೂಬು. ಸುಳ್ಳನ್ನು ಪತ್ತೆ ಹಚ್ಚುವ ಕೆಲಸ ಹೈದರಾಬಾದಿನಲ್ಲಿ ನಡೆದೇ ಇದೆ: ಫ್ಯಾಕ್ಟ್‌ಲಿ ತೆಲುಗು, ಇಂಗ್ಲಿಷಿನಲ್ಲಿ ಮಾಡುತ್ತದೆ, ನ್ಯೂಸ್‌ಮೀಟರ್ ಕನ್ನಡದಲ್ಲೂ ಬರೆಯುತ್ತದೆ. ಅವರು ಬರೆದದ್ದು ಬೀದರ್ ಜಿಲ್ಲೆಯ ಔರಾದಿನ ಒಬ್ಬ ಆಶಾಳ ಫೋನಿಗೆ ಬರುವ ದಾರಿ ಮಾತ್ರ ಇನ್ನೂ ಆಗಿಲ್ಲ.

ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವುಗಳಲ್ಲಿ ಕಂಪ್ಯೂಟರುಗಳಿವೆ, ಸಂಜೆ ಮಕ್ಕಳು ಬರುತ್ತಾರೆ. ಬಿಹಾರದಲ್ಲಿ ಹದಿನಾಲ್ಕು ವಾರಗಳ ಆ ಪಾಠ ನಡೆದದ್ದೂ ಗ್ರಂಥಾಲಯಗಳಲ್ಲೇ. ಹೊಸ ಕಟ್ಟಡ ಬೇಡ, ಹೊಸ ಆ್ಯಪ್ ಬೇಡ. ಪಠ್ಯ ಕನ್ನಡದಲ್ಲಿ ಆಗಬೇಕು, ಪಾಠಕ್ಕೆ ಊರಿನ ಆಶಾ ಬಂದು ಕೂರಬೇಕು, ಆ ಗಂಟೆಗಳಿಗೆ ಆಕೆಗೆ ಸಂಭಾವನೆ ಸಿಗಬೇಕು. ಗ್ರಾಮೀಣಾಭಿವೃದ್ಧಿ ಮತ್ತು ಆರೋಗ್ಯ ಇಲಾಖೆಗಳು ಒಂದು ಮೇಜಿಗೆ ಬಂದರೆ ಬೀದರ್, ರಾಯಚೂರು ಜಿಲ್ಲೆಗಳ ಗಡಿ ಪಂಚಾಯಿತಿಗಳಲ್ಲಿ ಇದನ್ನು ಮುಂದಿನ ಶಾಲಾ ವರ್ಷದಲ್ಲೇ ಶುರು ಮಾಡಬಹುದು.